ಕಳ್ಳನ ಹೆಸರಲ್ಲಿ ಬೀದಿಗೇ ಬೀಗ!



ಶಾರುಖ್ ಖಾನ್ ನಟಿಸಿದ ಒಂದು ಹಿಂದಿ ಸಿನಿಮಾಗೂ ನಮ್ಮ ಅಜ್ಜಂದಿರ ಕಾಲದ ಕನ್ನಡ ಪುಸ್ತಕಗಳಿಗೂ ಏನು ಸಂಬಂಧ? ಏನೂ ಇಲ್ಲ ಎನ್ನುತ್ತೀರಿ. ಇರಬಾರದು, ನಿಜ. ಆದರೆ 2017ರ ಆಗಸ್ಟ್ ತಿಂಗಳಲ್ಲಿ ಎರಡಕ್ಕೂ ಗಂಟು ಬಿತ್ತು.

‘ಜಬ್ ಹ್ಯಾರಿ ಮೆಟ್ ಸೇಜಲ್’ ಎಂಬ ಆ ಚಿತ್ರ ತೆರೆಗೆ ಬರುವ ಮುಂಚೆಯೇ ಅದರ ನಿರ್ಮಾಪಕರು ಮದ್ರಾಸ್ ಹೈಕೋರ್ಟಿನ ಬಾಗಿಲು ತಟ್ಟಿದರು. ನಮ್ಮ ಚಿತ್ರವನ್ನು ಕದ್ದು ಹಂಚಬಹುದು, ತಡೆಯಿರಿ ಎಂದರು. ಆದೇಶ ಹೊರಬಿತ್ತು. 2,600ಕ್ಕೂ ಹೆಚ್ಚು ವೆಬ್‌ಸೈಟುಗಳಿಗೆ ಭಾರತದಲ್ಲಿ ಬೀಗ! ಆ ಪಟ್ಟಿಯಲ್ಲಿ ‘ಇಂಟರ್ನೆಟ್ ಆರ್ಕೈವ್’ ಎಂಬ ಹೆಸರೂ ಸೇರಿಕೊಂಡಿತ್ತು. ಅದು ಕಳ್ಳರ ಅಡ್ಡೆಯಲ್ಲ. 1996ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಶುರುವಾದ, ಲಾಭದ ಆಸೆಯಿಲ್ಲದ ಗ್ರಂಥಾಲಯ. ನಮ್ಮ ದೇಶದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಸ್ಕ್ಯಾನ್ ಮಾಡಿದ ಪುಸ್ತಕಗಳ ಪ್ರತಿಗಳು ಅಲ್ಲಿವೆ. ಅವುಗಳಲ್ಲಿ ಸಾವಿರಾರು ಕನ್ನಡ ಪುಸ್ತಕಗಳು. ಅಂಗಡಿಯಲ್ಲಿ ಸಿಗದವು, ಮರುಮುದ್ರಣ ಕಾಣದವು, ಎಷ್ಟೋ ಊರುಗಳ ಲೈಬ್ರರಿಯಲ್ಲಿ ಗೆದ್ದಲು ತಿಂದು ಮುಗಿಸಿದಂಥವು.

ಹೈಸ್ಕೂಲು ಮೇಷ್ಟ್ರು, ಪಿಎಚ್.ಡಿ. ಹುಡುಗಿ, ಹಳೆಯ ಪುಸ್ತಕದ ಹುಚ್ಚಿನ ಬ್ಯಾಂಕ್ ಗುಮಾಸ್ತ, ಯಾರು ಆ ವಿಳಾಸ ಒತ್ತಿದರೂ ಸಿಕ್ಕಿದ್ದು ಒಂದೇ ಉತ್ತರ: ಸರ್ಕಾರದ ಆದೇಶದಂತೆ ಮುಚ್ಚಲಾಗಿದೆ. ನಮ್ಮಲ್ಲಿ ದೂರು ಕೊಟ್ಟರೆ ಫೈಲು ತೆಗೆಯುವ ವ್ಯವಸ್ಥೆಯಿದೆ, ಅದು ನ್ಯಾಯಾಲಯಕ್ಕೆ ಗೊತ್ತಿತ್ತೇ ಎಂದು ಆ ಗ್ರಂಥಾಲಯದವರು ಕೇಳಿದರು. ಸುದ್ದಿಯಾಗಿ ಗಲಾಟೆಯಾದ ಮೇಲೆ ಬೀಗ ಕಳಚಿತು. ಆದರೆ ಪ್ರಶ್ನೆ ಕಳಚಲಿಲ್ಲ. ಒಬ್ಬ ಜೇಬುಗಳ್ಳನನ್ನು ಹಿಡಿಯಲು ಇಡೀ ಅವೆನ್ಯೂ ರಸ್ತೆಗೆ ಬೀಗ ಜಡಿಯುತ್ತಾರೆಯೇ? ಜಡಿದರೆ ಅಲ್ಲಿನ ಪುಸ್ತಕದಂಗಡಿಯವನು ಸುಮ್ಮನಿರುತ್ತಾನೆಯೇ? ನೀವು ಸುಮ್ಮನಿರುತ್ತೀರಾ?

ಅಂತರ್ಜಾಲದ ಪೈರಸಿ ತಡೆಯುವ ಕಾನೂನುಗಳ ಬಗ್ಗೆ ನಿಮ್ಮೊಡನೆ ಮಾತಾಡಬೇಕಾಗಿರುವುದು ಇದಕ್ಕೇ. ಇದು ವಕೀಲರ ವಿಷಯ, ನಿರ್ಮಾಪಕರ ವಿಷಯ ಎಂದು ಪುಟ ಮಗುಚಬೇಡಿ. ನಿಮ್ಮ ಕೈಯಲ್ಲಿರುವ ಮೊಬೈಲಿನ ವಿಷಯ ಇದು.

ಮೊದಲು ನಮ್ಮ ಮನೆಯ ಕಸ

ಒಂದು ಮಾತನ್ನು ಮೊದಲೇ ಖಡಾಖಂಡಿತವಾಗಿ ಹೇಳಿಬಿಡೋಣ. ಪೈರಸಿ ಕಳ್ಳತನವೇ. ಅದಕ್ಕೆ ಕ್ರಾಂತಿಯ ಬಣ್ಣ ಬಳಿಯುವ ಅಗತ್ಯವಿಲ್ಲ. ‘ಕೋಟಿ ಕೋಟಿ ಸಂಭಾವನೆ ತಗೊಳ್ಳೋ ಹೀರೋಗೆ ಏನು ಲಾಸು?’ ಎಂದು ಕೇಳುವವರಿದ್ದಾರೆ. ಹೀರೋಗೆ ಏನೂ ಲಾಸಿಲ್ಲ ಮಾರಾಯರೇ. ಅವನ ದುಡ್ಡು ಚಿತ್ರ ಬಿಡುಗಡೆಗೆ ಮುಂಚೆಯೇ ಅವನ ಮನೆ ಸೇರಿರುತ್ತದೆ. ಲಾಸು ಆಗುವುದು ಮುಂದಿನ ಚಿತ್ರಕ್ಕೆ ದುಡ್ಡು ಹುಟ್ಟದ ಸಣ್ಣ ನಿರ್ಮಾಪಕನಿಗೆ. ಆ ಮುಂದಿನ ಚಿತ್ರ ನಿಂತುಹೋದರೆ ಕೂಲಿ ಕಳೆದುಕೊಳ್ಳುವ ಲೈಟ್‌ಬಾಯ್‌ಗೆ, ಮೇಕಪ್‌ನವನಿಗೆ, ಯೂನಿಟ್ಟಿಗೆ ಅಡುಗೆ ಮಾಡುವವನಿಗೆ, ಹೊಸದಾಗಿ ಹಾಡು ಬರೆಯಲು ಬಂದ ಹುಡುಗನಿಗೆ.

ತಮಿಳಿಗೆ, ತೆಲುಗಿಗೆ, ಹಿಂದಿಗೆ ಇರುವಷ್ಟು ದೊಡ್ಡ ಮಾರುಕಟ್ಟೆ ಕನ್ನಡಕ್ಕಿಲ್ಲ. ದೊಡ್ಡ ತಾರೆಯಿಲ್ಲದ ಕನ್ನಡ ಚಿತ್ರದ ಹಣೆಬರಹ ಮೊದಲ ಶುಕ್ರವಾರ, ಶನಿವಾರ, ಭಾನುವಾರದಲ್ಲಿ ತೀರ್ಮಾನವಾಗಿ ಹೋಗುತ್ತದೆ. ಸೋಮವಾರ ಥಿಯೇಟರಿನವನು ಪೋಸ್ಟರ್ ಬದಲಿಸುತ್ತಾನೆ. ಆ ಮೂರು ದಿನದಲ್ಲಿ ಟೆಲಿಗ್ರಾಂನಲ್ಲಿ ಒಂದು ಲಿಂಕ್ ಓಡಾಡಿದರೆ ದೊಡ್ಡ ಭಾಷೆಯ ಚಿತ್ರಕ್ಕೆ ಮೈ ತರಚಿದಂತೆ, ಕನ್ನಡದ ಸಣ್ಣ ಚಿತ್ರಕ್ಕೆ ಕುತ್ತಿಗೆಗೇ ಕುತ್ತು.

ಇನ್ನು ನಮ್ಮ ಅಭಿಮಾನಿ ದೇವರುಗಳ ಕಥೆ! 2019ರ ಸೆಪ್ಟೆಂಬರಿನಲ್ಲಿ ‘ಪೈಲ್ವಾನ್’ ಚಿತ್ರ ಬಿಡುಗಡೆಯಾದ ಕೂಡಲೇ ಕಳ್ಳ ಪ್ರತಿ ಹೊರಬಿತ್ತು. ಕಳ್ಳ ಯಾರೆಂದು ಹುಡುಕುವ ಬದಲು ಇಬ್ಬರು ನಟರ ಅಭಿಮಾನಿಗಳು ಸಾಮಾಜಿಕ ಜಾಲತಾಣಗಳಲ್ಲಿ ಪರಸ್ಪರ ಕೆಸರೆರಚಿಕೊಂಡರು. ನಮ್ಮ ಹೀರೋ, ನಿಮ್ಮ ಹೀರೋ ಎಂಬ ಜಗಳದಲ್ಲಿ ಬಡವಾಗಿದ್ದು ಕನ್ನಡ ಚಿತ್ರ. ಕನ್ನಡ ಬಾವುಟ ಹಿಡಿದ ಕೈಯೇ ಕನ್ನಡ ಚಿತ್ರದ ಕಳ್ಳ ಲಿಂಕನ್ನು ಹತ್ತು ಗ್ರೂಪಿಗೆ ಕಳಿಸಿದರೆ ಆ ಬಾವುಟಕ್ಕೆ ಏನು ಬೆಲೆ ಬಂತು? ಯೋಚಿಸಿ.

ಆದ್ದರಿಂದ ಕಾನೂನು ಬೇಕು. ಆದರೆ ಎಂಥ ಕಾನೂನು? ಯಾರು ಬರೆದ ಕಾನೂನು? ಕಳ್ಳನನ್ನು ಹಿಡಿಯುವ ಕಾನೂನೋ, ಕಳ್ಳನ ನೆಪದಲ್ಲಿ ಕಂಡವರನ್ನೆಲ್ಲ ಹಿಡಿಯುವ ಕಾನೂನೋ? ಚರ್ಚೆ ಇರುವುದು ಇಲ್ಲಿ. ಈ ಚರ್ಚೆಯನ್ನು ಬೀದಿಗೆ ತಂದು ಗೆದ್ದವರ ಕಥೆಯೊಂದಿದೆ. ಅದು ಅಮೆರಿಕದ್ದು.

ಅವರು ಕರಡು ಓದಿದರು

2011ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಎರಡು ಮಸೂದೆಗಳು ಬಂದವು. ಮೇ ತಿಂಗಳಲ್ಲಿ ಸೆನೆಟ್‌ನಲ್ಲಿ ಪ್ಯಾಟ್ರಿಕ್ ಲೇಹಿ ಮಂಡಿಸಿದ ‘ಪೀಪಾ’, ಅಕ್ಟೋಬರ್ 26ರಂದು ಕೆಳಮನೆಯಲ್ಲಿ ಲಾಮಾರ್ ಸ್ಮಿತ್ ಮಂಡಿಸಿದ ‘ಸೋಪಾ’. ಬೆನ್ನ ಹಿಂದೆ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳು, ಸಂಗೀತ ಕಂಪನಿಗಳು, ಅಮೆರಿಕದ ವಾಣಿಜ್ಯ ಮಂಡಳಿ. ಹೊರದೇಶದಲ್ಲಿ ಕೂತು ನಮ್ಮ ಚಿತ್ರ, ಹಾಡು ಕದಿಯುವ ಸೈಟುಗಳನ್ನು ಮಟ್ಟ ಹಾಕಬೇಕು ಎಂಬುದು ಅವರ ವಾದ. ಕೇಳಲು ನ್ಯಾಯವಾಗಿಯೇ ಇತ್ತು.

ಆದರೆ ಕರಡಿನೊಳಗೆ ಏನಿತ್ತು? ಆರೋಪ ಹೊತ್ತ ಸೈಟಿನ ಹೆಸರು ಒತ್ತಿದರೆ ಅದು ತೆರೆಯದಂತೆ ಇಂಟರ್ನೆಟ್ ಕಂಪನಿಗಳು ತಡೆಯಬೇಕು. ಗೂಗಲ್‌ನಂಥವರು ಹುಡುಕಾಟದ ಪಟ್ಟಿಯಿಂದ ಅದನ್ನು ಅಳಿಸಬೇಕು. ದುಡ್ಡು ಪಾವತಿ ಮಾಡುವ ಕಂಪನಿಗಳು, ಜಾಹೀರಾತು ಕೊಡುವವರು ಸಂಬಂಧ ಕಡಿದುಕೊಳ್ಳಬೇಕು. ಸೋಪಾದ ಮೊದಲ ಕರಡಿನಲ್ಲಂತೂ ಈ ಕೊನೆಯ ಕೆಲಸಕ್ಕೆ ಕೋರ್ಟಿನ ಆದೇಶವೂ ಬೇಕಿರಲಿಲ್ಲ. ಹಕ್ಕುದಾರನೆಂದು ಹೇಳಿಕೊಳ್ಳುವ ಕಂಪನಿ ಒಂದು ನೋಟಿಸ್ ಕೊಟ್ಟರೆ, ಆ ಕಡೆಯಿಂದ ಪ್ರತಿ ನೋಟಿಸ್ ಬಾರದಿದ್ದರೆ, ಐದು ದಿನದಲ್ಲಿ ಸೈಟಿನ ಆದಾಯ ಬಂದ್! ಯಾರೋ ಬಳಕೆದಾರ ಹಾಕಿದ ಒಂದು ತುಣುಕಿಗೆ ಇಡೀ ಸೈಟನ್ನೇ ಹೊಣೆ ಮಾಡುವ ದಾರಿ ಅದು. ವಿಕಿಪೀಡಿಯದಂಥ, ಜನರೇ ಬರೆದು ಬೆಳೆಸುವ ತಾಣಗಳು ಬೆಚ್ಚಿಬಿದ್ದವು. ದೂರದ ದೇಶದ ಮಾತೆನ್ನಬೇಡಿ. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯೂ ಅಮೆರಿಕದ್ದೇ. ಅಲ್ಲಿನ ಕಾನೂನು ಅದಕ್ಕೂ ಅನ್ವಯ.

ಆಮೇಲೆ ನಡೆದದ್ದು ಇತಿಹಾಸ. 2012ರ ಜನವರಿ 18. ಇಂಗ್ಲಿಷ್ ವಿಕಿಪೀಡಿಯ 24 ಗಂಟೆ ಕಪ್ಪು ಪರದೆ ಎಳೆದುಕೊಂಡು ಕೂತಿತು. ಸಾವಿರಾರು ತಾಣಗಳು ಜೊತೆಗೂಡಿದವು. ಗೂಗಲ್ ತನ್ನ ಹೆಸರಿನ ಮೇಲೆ ಕಪ್ಪು ಪಟ್ಟಿ ಬಳಿದುಕೊಂಡಿತು. ಅದು ಮುಂದಿಟ್ಟ ಮನವಿಗೆ ಸಹಿ ಹಾಕಿದವರು 70 ಲಕ್ಷ ಜನ. ವಿದ್ಯಾರ್ಥಿಗಳು, ಅಂಗಡಿಯವರು, ಗೃಹಿಣಿಯರು ತಮ್ಮ ತಮ್ಮ ಸಂಸದರ ಕಚೇರಿಗೆ ಫೋನ್ ಮಾಡಿದರು. ಮಸೂದೆಗೆ ಬೆಂಬಲವಾಗಿ ಹೆಸರು ಕೊಟ್ಟಿದ್ದ ಸಂಸದರೇ ಒಬ್ಬೊಬ್ಬರಾಗಿ ಹಿಂದೆ ಸರಿದರು. ಎರಡೇ ದಿನ! ಜನವರಿ 20ರಂದು ಎರಡೂ ಮಸೂದೆಗಳು ಮೂಲೆ ಸೇರಿದವು.

ಇನ್ನೊಂದು ತಮಾಷೆ ನೋಡಿ. ಆ ಕಪ್ಪು ದಿನದ ಮರುದಿನವೇ, ಜನವರಿ 19ರಂದು, ‘ಮೆಗಾಅಪ್‌ಲೋಡ್’ ಎಂಬ ದೈತ್ಯ ತಾಣವನ್ನು ಅಮೆರಿಕದ ಪೊಲೀಸರು ಮುಚ್ಚಿಸಿದರು. ಅದರ ಒಡೆಯನನ್ನು ನ್ಯೂಜಿಲೆಂಡಿನಲ್ಲಿ ಬಂಧಿಸಲಾಯಿತು. ಯಾವ ಕಾನೂನಿನಲ್ಲಿ? ಆಗಲೇ ಇದ್ದ ಹಳೆಯ ಕಾನೂನಿನಲ್ಲಿ! ಹಾಗಾದರೆ ಹೊಸ ಕಾನೂನು ಯಾಕೆ ಬೇಕಿತ್ತು ಸ್ವಾಮಿ?

ಅದೇ ವರ್ಷ ಯುರೋಪಿನಲ್ಲೂ ಇದೇ ಆಯಿತು. ‘ಆಕ್ಟಾ’ ಎಂಬ ಒಪ್ಪಂದದ ವಿರುದ್ಧ ಕೊರೆಯುವ ಚಳಿಯಲ್ಲಿ ಪೋಲೆಂಡಿನ ಯುವಕರು ಬೀದಿಗಿಳಿದರು. ಜುಲೈ 4ರಂದು ಯುರೋಪಿನ ಸಂಸತ್ತು ಅದನ್ನು 39ರ ವಿರುದ್ಧ 478 ಮತಗಳಿಂದ ತಿರಸ್ಕರಿಸಿತು.

ಗೂಗಲ್ ಧರ್ಮಾತ್ಮನೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಹಾಲಿವುಡ್‌ಗೆ ಅದರ ಗಲ್ಲಾಪೆಟ್ಟಿಗೆ, ಗೂಗಲ್‌ಗೆ ಅದರ ಗಲ್ಲಾಪೆಟ್ಟಿಗೆ. ಎರಡು ಆನೆಗಳ ಕಾಳಗ ಅದು. ಆದರೆ ತುಳಿತಕ್ಕೆ ಸಿಗಬೇಕಿದ್ದ ಹುಲ್ಲು ಎದ್ದು ನಿಂತು ಮಾತಾಡಿತಲ್ಲ, ಅದು ದೊಡ್ಡದು. ಅವರು ಗೆದ್ದದ್ದು ಯಾಕೆ? ಕಾನೂನು ಇನ್ನೂ ಕರಡಾಗಿದ್ದಾಗಲೇ ಓದಿದ್ದಕ್ಕೆ. ಗೆಜೆಟ್ಟಿನಲ್ಲಿ ಅಚ್ಚಾದ ಮೇಲೆ ಎದೆ ಬಡಿದುಕೊಂಡಿದ್ದರೆ ಪ್ರಯೋಜನವಿರಲಿಲ್ಲ.

ಯಾರೀ ಅಶೋಕ್ ಕುಮಾರ್?

ಈಗ ನಮ್ಮ ದೇಶಕ್ಕೆ ಬನ್ನಿ. ಇಲ್ಲಿ ಕಾನೂನು ತಿದ್ದುವ ಶ್ರಮವನ್ನೂ ತೆಗೆದುಕೊಳ್ಳದೆ ಸಿನಿಮಾ ಕಂಪನಿಗಳು ಬೇರೊಂದು ದಾರಿ ಹಿಡಿದವು. ಚಿತ್ರ ಬಿಡುಗಡೆಗೆ ಮುಂಚೆಯೇ ಹೈಕೋರ್ಟಿಗೆ ಹೋಗುವುದು. ಯಾರ ಮೇಲೆ ಕೇಸು? ಗೊತ್ತಿಲ್ಲ. ಮುಂದೆ ಕದಿಯಬಹುದಾದ ಯಾರೋ ಒಬ್ಬ. ಹೆಸರು ಗೊತ್ತಿಲ್ಲದ ಆ ಪ್ರತಿವಾದಿಗೆ ನಮ್ಮ ಕೋರ್ಟುಗಳಲ್ಲಿ ‘ಅಶೋಕ್ ಕುಮಾರ್’ ಎಂದು ನಾಮಕರಣ! ಅಶೋಕ್ ಕುಮಾರ್ ಕೋರ್ಟಿಗೆ ಬರುವುದಿಲ್ಲ. ಅವನಿಗೆ ವಕೀಲನಿಲ್ಲ. ಅವನ ಪರವಾಗಿ ಒಂದು ಮಾತು ಹೇಳುವವರಿಲ್ಲ. ಒಂದೇ ಕಡೆಯ ವಾದ, ಒಂದೇ ಕಡೆಗೆ ಆದೇಶ.

2012ರಲ್ಲಿ ತಮಿಳಿನ ‘3’, ತೆಲುಗಿನ ‘ಧಮ್ಮು’ ಚಿತ್ರಗಳ ಹೆಸರಲ್ಲಿ ಮದ್ರಾಸ್ ಹೈಕೋರ್ಟಿನಿಂದ ಇಂಥ ಆದೇಶಗಳು ಬಂದವು. ‘ಕೊಲವೆರಿ’ ಹಾಡಿನ ಚಿತ್ರ, ನೆನಪಿದೆಯೇ? ಆ ಹಾಡು ದೇಶಕ್ಕೆಲ್ಲ ಹಬ್ಬಿದ್ದೇ ಅಂತರ್ಜಾಲದಲ್ಲಿ. ಅದೇ ಚಿತ್ರದ ಹೆಸರಲ್ಲಿ ಇಂಟರ್ನೆಟ್ ಕಂಪನಿಗಳು ಇಡೀ ಇಡೀ ತಾಣಗಳನ್ನೇ ಮುಚ್ಚಿದವು. ಪೈರೇಟ್ ಬೇ ಹೋಯಿತು, ಸರಿ. ಜೊತೆಗೆ ‘ವಿಮಿಯೋ’ ಕೂಡ ಹೋಯಿತು! ಕಿರುಚಿತ್ರ ಮಾಡುವ ಹುಡುಗರು ತಮ್ಮ ಸ್ವಂತ ಚಿತ್ರ ತೋರಿಸುವ ತಾಣ ಅದು. ಕದಿಯದವನಿಗೂ ಶಿಕ್ಷೆ. ಜೂನ್ 9ರಂದು ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಯುವಕರು ಮುಖವಾಡ ಹಾಕಿ ಬೀದಿಗಿಳಿದರು. ಅದೇ ತಿಂಗಳು ಹೈಕೋರ್ಟು ತನ್ನ ಆದೇಶಕ್ಕೆ ವಿವರಣೆ ಕೊಟ್ಟಿತು: ತಡೆಯಬೇಕಾದ್ದು ಕದ್ದ ಚಿತ್ರವಿರುವ ನಿರ್ದಿಷ್ಟ ವಿಳಾಸವನ್ನು, ಇಡೀ ತಾಣವನ್ನಲ್ಲ.

ಅಷ್ಟು ಸ್ಪಷ್ಟವಾಗಿ ಹೇಳಿದ ಐದೇ ವರ್ಷಕ್ಕೆ ಅದೇ ಹೈಕೋರ್ಟಿನಿಂದ ಬಂದ ಆದೇಶ ಆ 2,600 ತಾಣಗಳದ್ದು! ಪಾಠ ಕಲಿತವರು ಯಾರು?

ಕಲಿಯಬಹುದಿತ್ತು. ದಾರಿ ಇತ್ತು. 2016ರಲ್ಲಿ ‘ಡಿಶೂಂ’ ಎಂಬ ಹಿಂದಿ ಚಿತ್ರದ ನಿರ್ಮಾಪಕರು ಬಾಂಬೆ ಹೈಕೋರ್ಟಿಗೆ ಹೋದಾಗ ನ್ಯಾಯಮೂರ್ತಿ ಗೌತಮ್ ಪಟೇಲ್ ಹಾಗೆ ಸಾರಾಸಗಟು ತಡೆ ಕೊಡಲಿಲ್ಲ. ಒಂದೊಂದು ಲಿಂಕನ್ನೂ ಪರಿಶೀಲಿಸಿ ತನ್ನಿ, ಅದನ್ನಷ್ಟೇ ತಡೆಯಿರಿ ಎಂದರು. ತಡೆದ ಪುಟದಲ್ಲಿ ಯಾವ ಕೇಸು, ಯಾಕೆ ತಡೆ, ತೊಂದರೆಯಾದವರು ಎಲ್ಲಿ ಹೋಗಬೇಕು ಎಂಬುದನ್ನು ಬರೆಯಬೇಕು ಎಂದರು. ಇದಲ್ಲವೇ ನ್ಯಾಯ? ನಿರ್ಮಾಪಕನ ದುಡ್ಡೂ ಉಳಿಯಿತು, ನಿರಪರಾಧಿಯ ಬಾಗಿಲೂ ಉಳಿಯಿತು.

ಕಳ್ಳರೂ ಸುಮ್ಮನಿರಲಿಲ್ಲ ಎನ್ನಿ. ಒಂದು ಸೈಟು ಮುಚ್ಚಿದರೆ ಒಂದಕ್ಷರ ಬದಲಿಸಿ ಇನ್ನೊಂದು ತೆರೆದರು. ಅದಕ್ಕೇ 2019ರ ಏಪ್ರಿಲ್ 10ರಂದು ದಿಲ್ಲಿ ಹೈಕೋರ್ಟು ಹೊಸ ಬಗೆಯ ತಡೆಯಾಜ್ಞೆ ಕೊಟ್ಟಿತು. ತಾಣದಲ್ಲಿರುವುದೆಲ್ಲ ಬಹುಪಾಲು ಕದ್ದ ಮಾಲೇ ಆಗಿದ್ದರೆ ಇಡೀ ತಾಣವನ್ನು ಮುಚ್ಚಬಹುದು, ಅದು ಹೆಸರು ಬದಲಿಸಿ ಬಂದರೆ ಹೊಸ ಕೇಸಿಲ್ಲದೆ ಪಟ್ಟಿಗೆ ಸೇರಿಸಬಹುದು. ಕಳ್ಳರ ಜಾಣತನಕ್ಕೆ ಇದು ತಕ್ಕ ಉತ್ತರವೇ. ಆದರೆ ಪಟ್ಟಿ ಉದ್ದವಾದಷ್ಟೂ ಅದರೊಳಗೆ ಯಾವ ಗ್ರಂಥಾಲಯ, ಯಾವ ಕಿರುಚಿತ್ರ ಸೇರಿಕೊಂಡಿದೆ ಎಂದು ನೋಡುವವರು ಬೇಕಲ್ಲ?

ನಮ್ಮ ವಿಧಾನಸೌಧದ ಕೊಡುಗೆ

ದಿಲ್ಲಿ, ಮದ್ರಾಸು ಬಿಡಿ. ನಮ್ಮ ಮನೆಯಲ್ಲೇ ಏನಾಯಿತು ಗೊತ್ತೇ?

ಕರ್ನಾಟಕದಲ್ಲಿ 1985ರ ಒಂದು ಕಾಯ್ದೆ ಇದೆ. ಅದರ ಹೆಸರು ಅರ್ಧ ಪುಟ ಉದ್ದ. ಜನ ಚಿಕ್ಕದಾಗಿ ಕರೆಯುವುದು ಗೂಂಡಾ ಕಾಯ್ದೆ. ಕ್ಯಾಸೆಟ್ ಕಾಲದ ಆಡಿಯೋ, ವಿಡಿಯೋ ಕಳ್ಳರೂ ಅದರ ಹೆಸರಿನಲ್ಲಿದ್ದಾರೆ. 2014ರಲ್ಲಿ ನಮ್ಮ ವಿಧಾನಮಂಡಲ ಅದಕ್ಕೆ ತಿದ್ದುಪಡಿ ತಂದಿತು. ಆಸಿಡ್ ಎರಚುವವನು, ಭೂಗಳ್ಳ, ಲೈಂಗಿಕ ದೌರ್ಜನ್ಯ ಎಸಗುವವನು, ಇವರ ಜೊತೆಗೆ ‘ಡಿಜಿಟಲ್ ಅಪರಾಧಿ’ ಎಂಬ ಹೊಸ ಜಾತಿಯನ್ನು ಸೇರಿಸಿತು. ಯಾರಿವನು? ಪುಸ್ತಕ, ಸಂಗೀತ, ಚಿತ್ರ, ಸಾಫ್ಟ್‌ವೇರ್ ಇತ್ಯಾದಿಗಳ ಕೃತಿಸ್ವಾಮ್ಯವನ್ನು ವ್ಯಾಪಾರದ ಉದ್ದೇಶದಿಂದ ಬೇಕೆಂದೇ ಮುರಿಯುವವನು.

ಗೂಂಡಾ ಕಾಯ್ದೆ ಮಾಮೂಲಿ ಕಾನೂನಲ್ಲ. ಅದು ಮುನ್ನೆಚ್ಚರಿಕೆಯ ಬಂಧನದ ಕಾನೂನು. ಕೋರ್ಟಿನಲ್ಲಿ ತಪ್ಪು ಸಾಬೀತಾಗಬೇಕಾಗಿಲ್ಲ. ಇವನು ಮುಂದೆ ತಪ್ಪು ಮಾಡಬಹುದು, ಸಾರ್ವಜನಿಕ ಶಾಂತಿ ಕೆಡಬಹುದು ಎಂದು ಅಧಿಕಾರಿಗೆ ಮನದಟ್ಟಾದರೆ ಸಾಕು. ಒಳಗೆ ಹಾಕಬಹುದು. ಸಲಹಾ ಮಂಡಳಿ ಒಪ್ಪಿದರೆ ಒಂದು ವರ್ಷದವರೆಗೆ! ಮಾಮೂಲಿ ಕೇಸಿನಂತೆ ಜಾಮೀನು ಕೇಳುವ ಮಾತೇ ಇಲ್ಲ.

ವ್ಯಾಪಾರದ ಉದ್ದೇಶ ಇದ್ದವನಿಗೆ ಮಾತ್ರ ತಾನೇ, ನಮಗೇನು ಎನ್ನುತ್ತೀರಾ? ನಿಮ್ಮ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವನು ಧರ್ಮಕ್ಕೆ ಕೂತಿದ್ದಾನೆಯೇ? ಅವನದೂ ವ್ಯಾಪಾರವೇ. ದಿಲ್ಲಿ ವಿಶ್ವವಿದ್ಯಾಲಯದ ಆವರಣದ ಅಂಥದೇ ಒಂದು ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಂಥ ಪ್ರಕಾಶಕ ದಿಗ್ಗಜರು ಕೇಸು ಹಾಕಿದರು. ವಿದ್ಯಾರ್ಥಿಗಳಿಗೆ ಪಾಠದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಕಟ್ಟಿಕೊಟ್ಟದ್ದು ಅವನ ಅಪರಾಧ. ನಾಲ್ಕು ವರ್ಷ ವಾದ ನಡೆದು 2016ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಹೇಳಿತು: ಪಾಠಕ್ಕಾಗಿ ಮಾಡಿದ ಇದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಪ್ರಕಾಶಕರು 2017ರಲ್ಲಿ ಕೇಸು ಹಿಂದಕ್ಕೆ ಪಡೆದರು. ಈಗ ಹೇಳಿ. ತಪ್ಪೋ ಸರಿಯೋ ಎಂದು ತೀರ್ಮಾನಿಸಲು ಹೈಕೋರ್ಟಿಗೇ ನಾಲ್ಕು ವರ್ಷ ಹಿಡಿದ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲಿ ಒಬ್ಬ ಅಧಿಕಾರಿ ಒಂದು ಸಹಿಯಲ್ಲಿ ತೀರ್ಮಾನಿಸಬಹುದೇ?

ಕೃತಿಸ್ವಾಮ್ಯ ಕದ್ದವನಿಗೆ ಶಿಕ್ಷೆ ಇರಲಿಲ್ಲವೇ? ಇತ್ತು. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಅದು ಜಾಮೀನು ರಹಿತ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕಾನೂನಿಗೆ ಬರವಿರಲಿಲ್ಲ ಮಿತ್ರರೇ. ಬರವಿದ್ದದ್ದು ತನಿಖೆಗೆ. ತನಿಖೆ ಮಾಡಲು ಬುದ್ಧಿ ಬೇಕು, ಶ್ರಮ ಬೇಕು. ಗೂಂಡಾ ಎಂದು ಹಣೆಪಟ್ಟಿ ಅಂಟಿಸಲು ಒಂದು ರಬ್ಬರ್ ಸ್ಟಾಂಪ್ ಸಾಕು.

ಅಮೆರಿಕದ ಸೋಪಾ ಬಗ್ಗೆ ಬೆಂಗಳೂರಿನ ಐ.ಟಿ. ಕಚೇರಿಗಳಲ್ಲಿ ಚರ್ಚೆಯೋ ಚರ್ಚೆ. ನಮ್ಮ ವಿಧಾನಸೌಧದ ಈ ತಿದ್ದುಪಡಿಯ ಹೊತ್ತಿಗೆ ಯಾವ ಪರದೆ ಕಪ್ಪಾಯಿತು? ಎಷ್ಟು ಶಾಸಕರ ಮನೆಯ ಫೋನ್ ರಿಂಗಾಯಿತು?

ಸಿಹಿಯೊಳಗೆ ಕಹಿ ಗುಳಿಗೆ

ಇನ್ನೊಂದು ಕಥೆ ಕೇಳಿ. ಇದರ ನಾಯಕ ಒಬ್ಬ ಕನ್ನಡಿಗ.

ಸೆನ್ಸಾರ್ ಮಂಡಳಿ ಪಾಸು ಮಾಡಿದ ಚಿತ್ರವನ್ನೂ ಕೇಂದ್ರ ಸರ್ಕಾರ ಮತ್ತೆ ಕೆದಕಬಹುದಾದ ಅಧಿಕಾರ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿತ್ತು. ಕನ್ನಡದ ಚಿತ್ರ ನಿರ್ದೇಶಕ ಕೆ.ಎಂ. ಶಂಕರಪ್ಪನವರು ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 1990ರಲ್ಲಿ ಹೈಕೋರ್ಟು ಆ ಅಧಿಕಾರವನ್ನು ಹೊಡೆದುಹಾಕಿತು. ದಿಲ್ಲಿ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ನವೆಂಬರಿನಲ್ಲಿ ಅಲ್ಲೂ ಶಂಕರಪ್ಪನವರಿಗೇ ಜಯ. ಒಬ್ಬ ಕನ್ನಡ ನಿರ್ದೇಶಕ ಗೆದ್ದ ಆ ತೀರ್ಪು ಇಡೀ ಭಾರತದ ಚಿತ್ರರಂಗಕ್ಕೆ ಗುರಾಣಿಯಾಯಿತು. ನಿಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು?

2021ರ ಜೂನ್ 18ರಂದು ಕೇಂದ್ರ ವಾರ್ತಾ ಇಲಾಖೆ ಒಂದು ಕರಡು ಮಸೂದೆ ಪ್ರಕಟಿಸಿತು. ಮೇಲೆ ಸಿಹಿ ಲೇಪ: ಪೈರಸಿಗೆ ಕಠಿಣ ಶಿಕ್ಷೆ! ಚಿತ್ರರಂಗ ವರ್ಷಗಟ್ಟಲೆ ಕೇಳುತ್ತಿದ್ದದ್ದು ಇದನ್ನೇ. ಅದೇ ಕರಡಿನ ಹೊಟ್ಟೆಯೊಳಗೆ ಕಹಿ ಗುಳಿಗೆ: ಪಾಸಾದ ಚಿತ್ರವನ್ನು ಮರುಪರಿಶೀಲಿಸಿ ಎಂದು ಸೆನ್ಸಾರ್ ಮಂಡಳಿಗೆ ಆಜ್ಞೆ ಮಾಡುವ ಅಧಿಕಾರ ಸರ್ಕಾರಕ್ಕೆ! ಶಂಕರಪ್ಪನವರು ಮುಂಬಾಗಿಲಿನಿಂದ ಓಡಿಸಿದ ಭೂತ ಹಿತ್ತಿಲ ಬಾಗಿಲಿನಿಂದ ಒಳಗೆ ಬರಲು ಹೊರಟಿತ್ತು. ಸೆನ್ಸಾರ್ ವಿರುದ್ಧ ಮೇಲ್ಮನವಿ ಕೇಳುತ್ತಿದ್ದ ನ್ಯಾಯಮಂಡಳಿಯನ್ನು ಅದೇ ವರ್ಷ ಏಪ್ರಿಲ್‌ನಲ್ಲಿ ರದ್ದು ಮಾಡಿಯೂ ಆಗಿತ್ತು.

ಆಗ ಚಿತ್ರರಂಗದವರು ಕರಡು ಓದಿದರು. ಕಮಲ ಹಾಸನ್‌ರಂಥವರು ಬಹಿರಂಗವಾಗಿ ವಿರೋಧಿಸಿದರು. ಸಾವಿರಾರು ಕಲಾವಿದರು ಪತ್ರಕ್ಕೆ ಸಹಿ ಹಾಕಿದರು. ಫಲ? 2023ರ ಜುಲೈನಲ್ಲಿ ಮಸೂದೆ ಸಂಸತ್ತಿಗೆ ಬಂದಾಗ ಆ ಕಹಿ ಗುಳಿಗೆ ಮಾಯವಾಗಿತ್ತು! ಪೈರಸಿಯ ಭಾಗ ಮಾತ್ರ ಉಳಿದಿತ್ತು. ನೋಡಿದಿರಾ, ಕರಡಿನಲ್ಲೇ ಹಿಡಿದರೆ ಏನಾಗುತ್ತದೆ ಎಂದು?

ಆ ಉಳಿದ ಭಾಗವೇನು ಸಣ್ಣದಲ್ಲ. ಮಣಿಪುರದ ಗದ್ದಲದ ನಡುವೆ ಜುಲೈ 31ರಂದು ಲೋಕಸಭೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸಿದರೆ, ಕದ್ದದ್ದನ್ನು ಪ್ರದರ್ಶಿಸಿದರೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು. ದಂಡ ಕನಿಷ್ಠ 3 ಲಕ್ಷ, ಮೇಲಕ್ಕೆ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೆ. ನೂರು ಕೋಟಿಯ ಚಿತ್ರವಾದರೆ ಐದು ಕೋಟಿ, ಲೆಕ್ಕ ಹಾಕಿ! ಸ್ವಂತ ಬಳಕೆ, ವಿಮರ್ಶೆ, ವರದಿಗಾರಿಕೆಗೆ ಕಾಪಿರೈಟ್ ಕಾಯ್ದೆಯಲ್ಲಿರುವ ವಿನಾಯಿತಿಗಳು ಇಲ್ಲೂ ಅನ್ವಯ ಎಂಬುದೊಂದು ಸಮಾಧಾನ. ಆ ನವೆಂಬರಿನಲ್ಲಿ ಸರ್ಕಾರ 12 ಅಧಿಕಾರಿಗಳನ್ನು ನೇಮಿಸಿತು. ದೂರು ಬಂದ 48 ಗಂಟೆಯೊಳಗೆ ಕದ್ದ ಪ್ರತಿಯನ್ನು ತೆಗೆಸುವುದು ಅವರ ಕೆಲಸ. ವರ್ಷಕ್ಕೆ 20,000 ಕೋಟಿ ರೂಪಾಯಿವರೆಗೆ ನಷ್ಟವಾಗುತ್ತಿದೆ, ಅದಕ್ಕೇ ಈ ಕ್ರಮ ಎಂದು ಸರ್ಕಾರ ಹೇಳಿತು.

48 ಗಂಟೆ ಬೇಕು, ಒಪ್ಪೋಣ. ಸಣ್ಣ ಕನ್ನಡ ನಿರ್ಮಾಪಕನಿಗೆ ಆ ಮೊದಲ ಮೂರು ದಿನವೇ ಪ್ರಾಣ. ಆದರೆ ದೂರು ಸುಳ್ಳಾಗಿದ್ದರೆ? ಸ್ವಂತ ಕಿರುಚಿತ್ರ, ಸ್ವಂತ ವಿಮರ್ಶೆ ತಪ್ಪಾಗಿ ಅಳಿಸಿಹೋದರೆ? ಆ ಹುಡುಗನ ಅಹವಾಲು ಕೇಳಲೂ 48 ಗಂಟೆಯ ಗಡುವು ಬೇಡವೇ?

ಯಾವ ಭಾಷೆಯಲ್ಲಿ ಕೇಳಿದಿರಿ ಸ್ವಾಮಿ?

2021ರ ಆ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಕೊಟ್ಟ ಕೊನೆಯ ದಿನ ಜುಲೈ 2. ಅಂದರೆ ಬರೀ 14 ದಿನ! ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂದು 2014ರಲ್ಲಿ ನೀತಿ ಮಾಡಿದ್ದು ಕೇಂದ್ರ ಸರ್ಕಾರವೇ.

ಶಿವಮೊಗ್ಗದ ಚಿತ್ರಮಂದಿರದ ಮಾಲೀಕ, ಗಾಂಧಿನಗರದ ಪ್ರೊಡಕ್ಷನ್ ಮ್ಯಾನೇಜರ್, ಹುಬ್ಬಳ್ಳಿಯ ಮೊಬೈಲ್ ಅಂಗಡಿ ಹುಡುಗ, ಇವರಿಗೆಲ್ಲ ಅನ್ವಯವಾಗುವ ಕಾನೂನನ್ನು ಇವರು ಓದಬಲ್ಲ ಭಾಷೆಯಲ್ಲಿ ಮುಂದಿಡದೆ, ‘ಸಾರ್ವಜನಿಕರ ಅಭಿಪ್ರಾಯ ಕೇಳಿದ್ದೇವೆ’ ಎನ್ನುವುದು ಯಾವ ನ್ಯಾಯ? ಸಾರ್ವಜನಿಕ ಎಂದರೆ ಇಂಗ್ಲಿಷ್ ಓದುವವನು ಮಾತ್ರವೇ? ಜೈಲಿಗೆ ಹಾಕುವಾಗ ಭಾಷೆ ಕೇಳುವುದಿಲ್ಲ, ಅಭಿಪ್ರಾಯ ಕೇಳುವಾಗ ಮಾತ್ರ ಭಾಷೆಯ ಗೋಡೆ!

ಆಗುವುದಿಲ್ಲ ಎಂದು ಯಾರೂ ಹೇಳಬೇಡಿ. 2020ರಲ್ಲಿ ಪರಿಸರ ಪರಿಣಾಮ ಅಧಿಸೂಚನೆಯ ಕರಡು ಬಂದಾಗ, ಸಂವಿಧಾನದ 8ನೇ ಪರಿಚ್ಛೇದದಲ್ಲಿರುವ 22 ಭಾಷೆಗಳಿಗೆ ಅದನ್ನು ಅನುವಾದಿಸಿ ಎಂದು ದಿಲ್ಲಿ ಹೈಕೋರ್ಟು ಆದೇಶಿಸಿತ್ತು. ಮರಗಿಡಗಳ ವಿಷಯದಲ್ಲಿ ನ್ಯಾಯವಾದದ್ದು ಮನುಷ್ಯನ ಮಾತಿನ ವಿಷಯದಲ್ಲಿ ಅನ್ಯಾಯವಾಗುತ್ತದೆಯೇ?

ಏನು ಕೇಳಬೇಕು, ಏನು ಮಾಡಬೇಕು

ಬರೀ ಧಿಕ್ಕಾರ ಕೂಗಿ ಮನೆಗೆ ಹೋದರೆ ಸಾಲದು. ಕೇಳಬೇಕಾದ್ದನ್ನು ಖಚಿತವಾಗಿ ಕೇಳಿ.

ಒಂದು: ಯಾವುದೇ ಕರಡು ಕಾನೂನು ಕನ್ನಡದಲ್ಲಿ ಬರಲಿ. 30 ದಿನಕ್ಕೆ ಒಂದು ದಿನವೂ ಕಡಿಮೆಯಾಗದಿರಲಿ. ಕನ್ನಡದಲ್ಲಿ ಬರೆದ ಆಕ್ಷೇಪಣೆಗೂ ಬೆಲೆ ಸಿಗಲಿ.

ಎರಡು: ತಡೆ ಬೀಳುವುದು ಕದ್ದ ಮಾಲಿನ ಮೇಲೆ. ಇಡೀ ತಾಣ ಮುಚ್ಚುವ ಮುನ್ನ ಅದರಲ್ಲಿ ಬೇರೇನಿದೆ ಎಂದು ಯಾರಾದರೂ ತೆರೆದು ನೋಡಲಿ. ಯಾವುದಕ್ಕೆ, ಯಾರ ಆದೇಶದಿಂದ ತಡೆ ಎಂಬುದು ಆ ಪುಟದಲ್ಲೇ ಕನ್ನಡದಲ್ಲಿ ಕಾಣಲಿ.

ಮೂರು: ತಪ್ಪಾಗಿ ತಡೆಗೆ ಸಿಕ್ಕವನ ಅಹವಾಲಿಗೂ ಗಡುವು ಇರಲಿ. ಸುಳ್ಳು ದೂರು ಕೊಟ್ಟ ಕಂಪನಿಗೂ ದಂಡ ಬೀಳಲಿ.

ನಾಲ್ಕು: ಕೃತಿಸ್ವಾಮ್ಯವನ್ನು ಗೂಂಡಾ ಕಾಯ್ದೆಯಿಂದ ಹೊರಗೆ ತೆಗೆಯಿರಿ. ಕದ್ದವನನ್ನು ಕೋರ್ಟಿಗೆ ಎಳೆಯಿರಿ, ಸಾಬೀತು ಮಾಡಿ, ಶಿಕ್ಷೆ ಕೊಡಿಸಿ. ಈ ನಾಲ್ಕನೆಯದನ್ನು ಕೇಳಲು ದಿಲ್ಲಿಗೆ ಹೋಗಬೇಕಾಗಿಲ್ಲ. ನಿಮ್ಮ ಕ್ಷೇತ್ರದ ಶಾಸಕರ ಮನೆ ಬಾಗಿಲು ಸಾಕು.

ಇನ್ನು ನೀವು ಮಾಡಬೇಕಾದ್ದು. ಕನ್ನಡ ಚಿತ್ರದ ಕಳ್ಳ ಲಿಂಕ್ ನಿಮ್ಮ ಗ್ರೂಪಿಗೆ ಬಂದರೆ ಅಲ್ಲೇ ಅಳಿಸಿ. ಕಳಿಸಿದವನಿಗೆ ನಾಲ್ಕು ಮಾತು ಹೇಳಿ. ಟಿಕೆಟ್ಟಿಗೆ ದುಡ್ಡಿಲ್ಲವೇ? ಟಿ.ವಿ.ಯಲ್ಲಿ ಬರುವವರೆಗೆ ಕಾಯಿರಿ. ಕದಿಯುವವನಿಗೆ ಕಾನೂನು ಪ್ರಶ್ನಿಸುವ ನೈತಿಕ ಬಲವಿರುವುದಿಲ್ಲ. ಕೈ ಶುದ್ಧವಿದ್ದರೆ ಮಾತ್ರ ಆ ಕೈಯಲ್ಲಿ ಹಿಡಿದ ಮನವಿ ಪತ್ರಕ್ಕೆ ತೂಕ.

ಆಮೇಲೆ ಓದಿ. ವಿಧಾನಮಂಡಲದ, ಸಂಸತ್ತಿನ ಅಧಿವೇಶನ ಶುರುವಾದಾಗ ಕ್ರಿಕೆಟ್ ಸ್ಕೋರಿನ ಜೊತೆಗೆ ಯಾವ ಮಸೂದೆ ಬರುತ್ತಿದೆ ಎಂದೂ ನೋಡಿ. ನಿಮ್ಮ ಬಡಾವಣೆಯ ಕನ್ನಡ ಸಂಘದಲ್ಲಿ ಆರ್ಕೆಸ್ಟ್ರಾ ಇಡಿಸಿ, ಬೇಡವೆನ್ನುವುದಿಲ್ಲ. ಅದಕ್ಕೆ ಮುಂಚೆ ಅರ್ಧ ಗಂಟೆ ಒಬ್ಬ ವಕೀಲರನ್ನು ಕರೆಸಿ ಕರಡು ಓದಿಸಿ. ಅರ್ಥವಾಗದ್ದನ್ನು ನಾಚಿಕೆಯಿಲ್ಲದೆ ಕೇಳಿ. ಅರ್ಥವಾದದ್ದನ್ನು ಹತ್ತು ಜನಕ್ಕೆ ಹೇಳಿ.

ಅಮೆರಿಕದ ಜನ ಎರಡೇ ದಿನದಲ್ಲಿ ಎರಡು ಮಸೂದೆಗಳನ್ನು ಮೂಲೆಗೆ ಸೇರಿಸಿದರು. ನಮ್ಮ ಶಂಕರಪ್ಪನವರು ಒಬ್ಬರೇ ನಿಂತು ದಿಲ್ಲಿ ಸರ್ಕಾರವನ್ನು ಎರಡು ಕೋರ್ಟುಗಳಲ್ಲಿ ಮಣಿಸಿದರು. ನೀವು ಲಕ್ಷ ಲಕ್ಷ ಇದ್ದೀರಿ, ಕೈಯಲ್ಲಿ ಮೊಬೈಲಿದೆ, ಬಾಯಲ್ಲಿ ಕನ್ನಡವಿದೆ. ಇನ್ನೊಂದು ಕರಡು ಬಂದೇ ಬರುತ್ತದೆ. ಅದು ಗೆಜೆಟ್ಟಿಗೆ ಹೋಗುವ ಮುನ್ನ ನಿಮ್ಮ ಕಣ್ಣಿಗೆ ಬೀಳಲಿ!